'ಆರಾಮಿದೀನಿ' ಅಂದ್ರೆ ಅಲ್ಲಿ ಯಾರೂ ಎರಡನೇ ಸಲ ಕೇಳಲ್ಲ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಒಂದು ತಿಂಗಳಿಂದ ನಂಗೆ ಬರ್ತಿರೋ ವಾಯ್ಸ್ ಮೆಸೇಜ್‌ಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರ್ತಿದೆ. "ಅಕ್ಕ, ನೀವು ಡಿಗ್ರಿಯಲ್ಲಿ ಎಕ್ಸ್‌ಚೇಂಜ್ ಸ್ಟೂಡೆಂಟ್ ಆಗಿ ಜರ್ಮನಿಗೆ ಹೋಗಿದ್ರಂತೆ, ಹೆಂಗಿತ್ತು? ನಾನೂ ಅಪ್ಲೈ ಮಾಡ್ಲಾ?" ಇದುವರೆಗೂ ಯಾರು ಕೇಳಿದ್ರೂ ನಾನು ಕೊಟ್ಟಿರೋ ಉತ್ತರ ಒಂದೇ: "ಸೂಪರ್ ಆಗಿತ್ತು, ಹೋಗಿ ಬನ್ನಿ." ಸುಳ್ಳಲ್ಲ. ಆದ್ರೆ ಪೂರ್ತಿ ನಿಜಾನೂ ಅಲ್ಲ. ಇವತ್ತು ಪೂರ್ತಿ ಹೇಳ್ತೀನಿ.

ದಾವಣಗೆರೆಯಿಂದ ಟ್ಯೂಬಿಂಗನ್

2018. ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಬಿ.ಕಾಂ ಕೊನೆಯ ವರ್ಷ. ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ: ಒಂದು ಸೆಮಿಸ್ಟರ್ ಜರ್ಮನಿಯಲ್ಲಿ ಓದೋ ಅವಕಾಶ. ಎರಡು ಸೀಟು. ಅಪ್ಲೈ ಮಾಡಿದ್ದು ನಾಲ್ಕೇ ಜನ. ನನ್ನ ಮಾರ್ಕ್ಸ್ ಪರವಾಗಿರ್ಲಿಲ್ಲ, ಸೀಟು ಸಿಕ್ತು.

ಇಲ್ಲಿ ದುಡ್ಡಿನ ವಿಷಯ ಹೇಳ್ಬಿಡ್ತೀನಿ, ಯಾಕಂದ್ರೆ ಎಲ್ರೂ ಇದನ್ನ ಕೊನೆಗೆ ಹೇಳ್ತಾರೆ. ಎಕ್ಸ್‌ಚೇಂಜ್ ಅಂದ್ರೆ ಅಲ್ಲಿ ಟ್ಯೂಷನ್ ಫೀಸ್ ಕಟ್ಟೋದಿಲ್ಲ, ನಮ್ಮ ಕಾಲೇಜಿಗೆ ಕಟ್ಟೋ ಫೀಸ್ ಕಟ್ಟಿದ್ರೆ ಸಾಕು. ಆದ್ರೆ ವೀಸಾಗೆ ಜರ್ಮನಿಯವರು ಬ್ಲಾಕ್ಡ್ ಅಕೌಂಟ್ ಅಂತ ಕೇಳ್ತಾರೆ. ಅಲ್ಲಿ ಬದುಕೋಕೆ ಬೇಕಾದ ದುಡ್ಡನ್ನ ಮೊದ್ಲೇ ಒಂದು ಖಾತೆಗೆ ಹಾಕಿ ತೋರಿಸ್ಬೇಕು. ಹೋದ ಮೇಲೆ ತಿಂಗಳಿಗೆ ಇಷ್ಟು ಅಂತ ಮಾತ್ರ ತೆಗೀಬಹುದು. ಆಗ ಅದು ತಿಂಗಳಿಗೆ 720 ಯೂರೋ ಇತ್ತು. ಆರು ತಿಂಗಳಿಗೆ 4,320 ಯೂರೋ, ನಮ್ಮ ಲೆಕ್ಕದಲ್ಲಿ ಮೂರೂವರೆ ಲಕ್ಷದ ಮೇಲೆ. 2024ರಲ್ಲಿ ಅದು ತಿಂಗಳಿಗೆ 992 ಯೂರೋ ಆಯ್ತು.

ನಮ್ಮ ಅಪ್ಪಾಜಿ ದಾವಣಗೆರೆಯಲ್ಲಿ ಬಟ್ಟೆ ಅಂಗಡೀಲಿ ಲೆಕ್ಕ ಬರೀತಾರೆ. ಎಲ್‌ಐಸಿ ಪಾಲಿಸಿ ಮೇಲೆ ಸಾಲ ತೆಗೆದ್ರು. ಅಮ್ಮನ ನಾಲ್ಕು ಬಳೆ ಬ್ಯಾಂಕಿಗೆ ಹೋದ್ವು. ಈ ಬಳೆ ವಿಷಯ ನೆನಪಿಟ್ಕೊಳ್ಳಿ. ಆಮೇಲೆ ನಾನು ಬಾಯಿ ಬಿಡದೇ ಇದ್ದದ್ದಕ್ಕೆ ಅದೇ ಕಾರಣ.

ಹೋಗಿದ್ದು ಟ್ಯೂಬಿಂಗನ್ ಅನ್ನೋ ಊರಿಗೆ. ಸ್ಟುಟ್‌ಗಾರ್ಟ್ ಹತ್ರ, ನೆಕಾರ್ ನದಿ ದಡದಲ್ಲಿದೆ. ಯೂನಿವರ್ಸಿಟಿ ಶುರುವಾಗಿದ್ದು 1477ರಲ್ಲಿ, ಅಂದ್ರೆ ನಮ್ಮಲ್ಲಿ ವಿಜಯನಗರ ಇದ್ದ ಕಾಲ. ಇಡೀ ಊರಿನ ಜನಸಂಖ್ಯೆ ಸುಮಾರು 90 ಸಾವಿರ. ಎಲ್ಲಿ ನೋಡಿದ್ರೂ ಸ್ಟೂಡೆಂಟ್ಸು, ಸೈಕಲ್ಲು. ನನ್ನ ಹಾಸ್ಟೆಲ್ ಊರಿನ ಮೇಲಿರೋ ಗುಡ್ಡದಲ್ಲಿ, ವಾಲ್ಡ್‌ಹೊಯ್ಸರ್ ಓಸ್ಟ್ ಅನ್ನೋ ಜಾಗದಲ್ಲಿ. ಒಂದೊಂದು ಫ್ಲೋರಿಗೆ ಒಂದು ಅಡುಗೆಮನೆ, ಎಲ್ರಿಗೂ ಸೇರಿ.

ಮೊದಲ ವಾರಗಳು

ನಾನು ತಲುಪಿದ್ದು ಶನಿವಾರ ರಾತ್ರಿ. ಮಾರನೇ ದಿನ ಭಾನುವಾರ. ಜರ್ಮನಿಯಲ್ಲಿ ಭಾನುವಾರ ಸೂಪರ್‌ಮಾರ್ಕೆಟ್‌ಗಳು ಬಂದ್ ಅಂತ ಯಾರೋ ಹೇಳಿದ್ರು, ನಾನು ತಲೆ ಕೆಡಿಸ್ಕೊಂಡಿರ್ಲಿಲ್ಲ. ಅವತ್ತು ಪೂರ್ತಿ ದಿನ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಸೂಟ್‌ಕೇಸಿಗೆ ಅದನ್ನ ತುರುಕಿದ್ದ ಅಮ್ಮಂಗೆ ಕೈ ಮುಗಿದೆ.

ಆಮೇಲೆ ಒಂದೊಂದೇ ಕಲಿತೆ. ಬಂದು ಎರಡು ವಾರದೊಳಗೆ ಊರಿನ ಆಫೀಸಿಗೆ ಹೋಗಿ ನಿಮ್ಮ ವಿಳಾಸ ನೋಂದಾಯಿಸ್ಬೇಕು. ಕಸ ಬಿಸಾಕೋಕೆ ಬೇರೆ ಬೇರೆ ಡಬ್ಬ: ಪೇಪರ್ ಒಂದಕ್ಕೆ, ಪ್ಯಾಕಿಂಗ್ ಪ್ಲಾಸ್ಟಿಕ್ ಇನ್ನೊಂದಕ್ಕೆ, ತರಕಾರಿ ಸಿಪ್ಪೆ ಮತ್ತೊಂದಕ್ಕೆ. ಪ್ಲಾಸ್ಟಿಕ್ ನೀರಿನ ಬಾಟಲ್ ವಾಪಸ್ ಕೊಟ್ರೆ ಮಷೀನು 25 ಸೆಂಟ್ ಕೊಡುತ್ತೆ. ಅಂದ್ರೆ ಆಗ 20 ರೂಪಾಯಿ! ನಾನು ಕಾಮರ್ಸ್ ಹುಡುಗಿ, ಲೆಕ್ಕ ಬಿಡ್ತೀನಾ? ಫ್ಲೋರಿನವರ ಬಾಟಲ್‌ಗಳನ್ನೆಲ್ಲ ನಾನೇ ಹಾಕಿ ಬರೋಕೆ ಶುರು ಮಾಡಿದೆ.

ಕ್ಲಾಸ್ ಟೈಮ್‌ಟೇಬಲ್‌ನಲ್ಲಿ '10 ಸಿ.ಟಿ.' ಅಂತ ಬರೆದಿದ್ರೆ ಅದು ಶುರುವಾಗೋದು ಹತ್ತೂಕಾಲಿಗೆ. ಹದಿನೈದು ನಿಮಿಷ ತಡ ಮಾಡೋದನ್ನ ಸಮೇತ ಅವರು ನಿಯಮ ಮಾಡಿದಾರೆ! ಪಾಠ ಮುಗಿದಾಗ ಯಾರೂ ಚಪ್ಪಾಳೆ ತಟ್ಟಲ್ಲ, ಎಲ್ರೂ ಬೆರಳ ಗೆಣ್ಣಿನಿಂದ ಡೆಸ್ಕ್ ಕುಟ್ತಾರೆ. ಮೊದಲನೇ ದಿನ ಗಲಾಟೆ ಶುರುವಾಯ್ತು ಅಂದ್ಕೊಂಡು ಬ್ಯಾಗ್ ಎತ್ಕೊಂಡಿದ್ದೆ.

ಜೊತೆಗೆ ಆ ಭಾಗದವರದ್ದೇ ಒಂದು ಪದ್ಧತಿ, 'ಕೇರ್‌ವೋಹೆ' ಅಂತ. ಮೆಟ್ಟಿಲು, ಓಣಿ ಗುಡಿಸಿ ಒರೆಸೋದು ಒಂದೊಂದು ವಾರ ಒಬ್ಬೊಬ್ಬರ ಪಾಳಿ. ಪಾಳಿ ಇದ್ದವರ ಬಾಗಿಲಿಗೆ ಒಂದು ಬೋರ್ಡ್ ನೇತಾಡುತ್ತೆ. ನಮ್ಮ ಅಡುಗೆಮನೆಗೂ ಅಂಥದ್ದೇ ಒಂದು ಪಟ್ಟಿ ಇತ್ತು.

ಬೇಡ ಅಂದ್ರೆ ಬೇಡ

ಎರಡನೇ ವಾರ ನಮ್ಮ ಫ್ಲೋರಿನವರೆಲ್ಲ ಸೇರಿ ಊಟ ಮಾಡಿದ್ರು. ಪಕ್ಕದ ರೂಮಿನ ಹುಡುಗಿ ಕೇಸ್‌ಶ್ಪೆಟ್ಸ್‌ಲೆ ಮಾಡಿದ್ಳು. ದಪ್ಪ ಶಾವಿಗೆ ಥರ ಇರುತ್ತೆ, ಮೇಲೆ ಕರಗಿದ ಚೀಸ್, ಹುರಿದ ಈರುಳ್ಳಿ. ನಾನು ವೆಜ್ ಅಂತಾನೇ ಅದನ್ನ ಮಾಡಿದ್ಳು. ತುಂಬಾ ರುಚಿಯಾಗಿತ್ತು. ಮೊದಲನೇ ಸಲ ಹಾಕಿಸ್ಕೊಂಡಿದ್ದು ಸ್ವಲ್ಪ. "ಇನ್ನೂ ಬೇಕಾ?" ಅಂದ್ಳು. ನಾನು "ಬೇಡ, ಸಾಕು" ಅಂದೆ.

ದಾವಣಗೆರೆಯಲ್ಲಿ ಆ "ಸಾಕು"ಗೆ ಏನಾಗುತ್ತೆ ಹೇಳಿ? "ಏ, ಏನ್ ಸಾಕು, ಹಾಕಿಸ್ಕ" ಅಂತ ತಟ್ಟೆಗೆ ಬೀಳುತ್ತೆ. ನಾವು ಕೈ ಅಡ್ಡ ಇಡ್ತೀವಿ, ಬೆರಳ ಸಂದೀಲಿ ಬಡಿಸ್ತಾರೆ. ಮೂರನೇ "ಬೇಡ" ಮಾತ್ರ ನಿಜವಾದ ಬೇಡ. ಅಲ್ಲಿ ಅವಳು "ಓಕೆ" ಅಂದು ಪಾತ್ರೆಯನ್ನ ಪಕ್ಕದವನಿಗೆ ದಾಟಿಸಿದ್ಳು. ಐದು ನಿಮಿಷದಲ್ಲಿ ಖಾಲಿ. ನಾನು ರೂಮಿಗೆ ಹೋಗಿ ಬಿಸ್ಕತ್ ತಿಂದು ಮಲಗಿದೆ.

ನಗು ಬರುತ್ತೆ ಅಲ್ವಾ? ಆದ್ರೆ ನಾನು ಅಲ್ಲಿ ಪಟ್ಟ ಕಷ್ಟ ಪೂರ್ತಿ ಇದರಲ್ಲೇ ಇದೆ. ನಾವು ಬೆಳೆದದ್ದು ಯಾರಾದ್ರೂ ಬಂದು ಕೇಳ್ತಾರೆ, ಎರಡು ಸಲ ಕೇಳ್ತಾರೆ, ಮುಖ ನೋಡಿ ಅರ್ಥ ಮಾಡ್ಕೊಳ್ತಾರೆ ಅನ್ನೋ ನಂಬಿಕೆಯಲ್ಲಿ. ಅಲ್ಲಿ ನೀವು ಬೇಡ ಅಂದ್ರೆ ಅದನ್ನ ಗೌರವಿಸ್ತಾರೆ. ಮತ್ತೆ ಒತ್ತಾಯ ಮಾಡೋದು ಅವರ ಪ್ರಕಾರ ಸರಿಯಲ್ಲ.

ಇನ್ನೊಂದು ದಿನ ನಾನು ಒಗ್ಗರಣೆ ಹಾಕಿದ ಬಾಣಲೆಯನ್ನ ಸಿಂಕಲ್ಲೇ ಬಿಟ್ಟು ಕ್ಲಾಸಿಗೆ ಓಡಿದ್ದೆ. ವಾಪಸ್ ಬಂದಾಗ ಅದರ ಮೇಲೆ ಹಳದಿ ಚೀಟಿ: "ದಯವಿಟ್ಟು ಇವತ್ತು ತೊಳೆಯಿರಿ. ನನಗೆ ಅಡುಗೆ ಮಾಡಬೇಕು." ಅಷ್ಟೇ. ನಾನು ಆ ಚೀಟಿಯನ್ನ ಹತ್ತು ಸಲ ಓದಿದೆ. ಇವರಿಗೆ ನನ್ನ ಒಗ್ಗರಣೆ ವಾಸನೆ ಆಗಲ್ವಾ? ನಾನು ಇಲ್ಲಿರೋದೇ ಇಷ್ಟ ಇಲ್ವಾ? ಎಲ್ರೂ ನನ್ನ ಬಗ್ಗೆ ಮಾತಾಡ್ಕೊಂಡಿದಾರಾ? ಮುಖಕ್ಕೆ ಹೇಳದೆ ಚೀಟಿ ಯಾಕೆ? ಅವತ್ತಿಂದ ಅಡುಗೆಮನೆಯಲ್ಲಿ ಯಾರಾದ್ರೂ ಇದ್ರೆ ಒಳಗೆ ಹೋಗೋದನ್ನೇ ಬಿಟ್ಟೆ. ರೂಮಲ್ಲಿ ಬ್ರೆಡ್ಡು, ಜಾಮು, ಮೊಸರು.

ನವೆಂಬರ್ ಒಂದು

ನಿಮಗೆ ಗೊತ್ತಾ, ನವೆಂಬರ್ ಒಂದು ಆ ರಾಜ್ಯದಲ್ಲೂ ಸರ್ಕಾರಿ ರಜೆ. ನಮಗೆ ರಾಜ್ಯೋತ್ಸವ, ಅವರಿಗೆ ಎಲ್ಲ ಸಂತರ ದಿನ. ನಮ್ಮಲ್ಲಿ ಬಾವುಟ, ಆರ್ಕೆಸ್ಟ್ರಾ, ಮೈಕು. ಅಲ್ಲಿ ಅದು ಮೌನದ ಹಬ್ಬ. ಅಂಗಡಿ ಬಂದ್, ಜನ ಸಮಾಧಿಗಳ ಹತ್ರ ಹೋಗಿ ದೀಪ ಇಟ್ಟು ಬರ್ತಾರೆ. ಬಸ್ಸೂ ಕಮ್ಮಿ. ನಾನು ಕೆಂಪು-ಹಳದಿ ಶಾಲು ಹೊದ್ಕೊಂಡು ಒಬ್ಬಳೇ ಗುಡ್ಡ ಇಳಿದು ನದಿ ಹತ್ರ ಹೋದೆ. ಮಾತಾಡೋಕೆ ಒಬ್ಬರೂ ಇರ್ಲಿಲ್ಲ.

ಅವತ್ತು ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರು ವಾಟ್ಸ್ಯಾಪ್ ಮಾಡಿದ್ರು. "ಏನಮ್ಮ, ಕಿಟೆಲ್ ಊರಲ್ಲಿ ರಾಜ್ಯೋತ್ಸವ ಮಾಡ್ತಿದೀಯಾ?" ನಂಗೆ ಗೊತ್ತೇ ಇರ್ಲಿಲ್ಲ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಅವರ ಪ್ರತಿಮೆ ನೋಡಿದ್ದೆ, ಅಷ್ಟೇ. ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಕರ್ನಾಟಕಕ್ಕೆ ಬಂದವರು. ಸುಮಾರು 70 ಸಾವಿರ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದ್ರು, ಅದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯ್ತು. ಕೊನೆಗಾಲದಲ್ಲಿ ಇದ್ದದ್ದು ಇದೇ ಟ್ಯೂಬಿಂಗನ್‌ನಲ್ಲಿ. 1896ರಲ್ಲಿ ಇದೇ ಯೂನಿವರ್ಸಿಟಿ ಅವರಿಗೆ ಗೌರವ ಡಾಕ್ಟರೇಟ್ ಕೊಡ್ತು. 1903ರಲ್ಲಿ ತೀರಿಕೊಂಡಿದ್ದೂ ಇಲ್ಲೇ.

ಮೇಷ್ಟ್ರು ಇನ್ನೊಂದು ಸಾಲು ಬರೆದಿದ್ರು: "ಪರದೇಶಿ ಮನುಷ್ಯ ನಾಚಿಕೆ ಬಿಟ್ಟು ಕಂಡಕಂಡವರನ್ನ ಕೇಳದೆ ಇದ್ದಿದ್ರೆ ಅಷ್ಟು ಪದ ಸಿಗ್ತಿತ್ತಾ?" ಆಗ ಸುಮ್ಮನೆ ಒಂದು ಕೈಮುಗಿಯೋ ಇಮೋಜಿ ಹಾಕಿ ಫೋನ್ ಒಳಗಿಟ್ಟೆ.

ಕತ್ತಲೆ

ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನ ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ. ಆಮೇಲೆ ಭಾರತಕ್ಕೂ ಅಲ್ಲಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಡಿಸೆಂಬರಿನಲ್ಲಿ ಬೆಳಕಾಗೋದು ಎಂಟು ಗಂಟೆ ಮೇಲೆ, ಸೂರ್ಯ ಮುಳುಗೋದು ನಾಲ್ಕೂವರೆಗೆ. ಮಧ್ಯದಲ್ಲೂ ಎಷ್ಟೋ ದಿನ ಮೋಡ. ಅಮ್ಮ ಊಟ ಮುಗಿಸಿ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದ್ರೆ ನಂಗೆ ಸಂಜೆ ನಾಲ್ಕೂವರೆ. ಇಬ್ಬರ ಕಿಟಕೀಲೂ ಕತ್ತಲೆ.

"ಊಟ ಆತಾ?"
"ಆಯ್ತಮ್ಮ."
"ಆರಾಮಿದೀಯಾ?"
"ಆರಾಮಿದೀನಿ."

ಆರಾಮಿರ್ಲಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಏಳೋಕೆ ಆಗ್ತಿರ್ಲಿಲ್ಲ. ನಮ್ಮ ಕಾಲೇಜಲ್ಲಾದ್ರೆ 75 ಪರ್ಸೆಂಟ್ ಅಟೆಂಡೆನ್ಸ್ ಇಲ್ಲ ಅಂದ್ರೆ ಮನೆಗೆ ಮೆಸೇಜ್ ಹೋಗುತ್ತೆ. ಅಲ್ಲಿ ನಾನು ಹೋಗ್ತಿದ್ದ ಲೆಕ್ಚರ್‌ಗಳಲ್ಲಿ ಹಾಜರಿ ಅನ್ನೋದೇ ಇರ್ಲಿಲ್ಲ. ನೀವು ದೊಡ್ಡವರು, ಬರೋದು ಬಿಡೋದು ನಿಮ್ಮಿಷ್ಟ. ಆ ಸ್ವಾತಂತ್ರ್ಯ ಮೊದಲ ತಿಂಗಳು ಹಬ್ಬದ ಥರ ಇತ್ತು. ಡಿಸೆಂಬರಿನಲ್ಲಿ ನಾನು ಎರಡು ವಾರ ಕ್ಲಾಸಿಗೇ ಹೋಗ್ಲಿಲ್ಲ, ಒಬ್ಬರೂ ಕೇಳ್ಲಿಲ್ಲ.

ಇದೇ ಹೊತ್ತಲ್ಲಿ ಇನ್‌ಸ್ಟಾಗ್ರಾಮಿನಲ್ಲಿ ನೋಡಿದ್ರೆ ನನ್ನ ಬದುಕು ಭರ್ಜರಿ. ಕ್ರಿಸ್ಮಸ್ ಮಾರ್ಕೆಟ್ ಲೈಟು, ಚಾಕೊಲೇಟ್ ಹಬ್ಬ, ಹಿಮ. ಆ ಫೋಟೋಗಳೆಲ್ಲ ಒಂದೇ ಸಂಜೆ ತೆಗೆದಿದ್ದು. ದಿನಕ್ಕೊಂದರಂತೆ ಹಾಕ್ತಾ ಹೋದೆ.

ಅಮ್ಮಂಗೆ ಯಾಕೆ ಹೇಳ್ಲಿಲ್ಲ? ನಾಲ್ಕು ಬಳೆ. ವಿಡಿಯೋ ಕಾಲ್‌ನಲ್ಲಿ ಅಮ್ಮ ಕೈ ಎತ್ತಿ ಕೂದಲು ಸರಿ ಮಾಡ್ಕೊಂಡ್ರೆ ಬರೀ ಗಾಜಿನ ಬಳೆ ಕಾಣ್ತಿದ್ವು. ಆ ಕೈ ನೋಡಿ "ಅಮ್ಮ, ನಂಗಿಲ್ಲಿ ಆಗ್ತಿಲ್ಲ" ಅಂತ ಹೆಂಗೆ ಹೇಳ್ಲಿ? ಹಾಗಾಗಿ "ನೆಟ್ ಸ್ಲೋ ಇದೆ" ಅಂತ ಕ್ಯಾಮೆರಾ ಆಫ್ ಮಾಡೋಕೆ ಶುರು ಮಾಡಿದೆ.

ಹೇಳಿದ ದಿನ

ಕ್ರಿಸ್ಮಸ್ ರಜೆಗೆ ನಾಲ್ಕೈದು ದಿನ ಇತ್ತು. ಹಾಸ್ಟೆಲ್ ಖಾಲಿ ಆಗ್ತಿತ್ತು. ರಾತ್ರಿ ನೀರು ಕುಡಿಯೋಕೆ ಅಡುಗೆಮನೆಗೆ ಹೋದೆ, ಪಕ್ಕದ ರೂಮಿನವಳು ಟೀ ಕಾಯಿಸ್ತಿದ್ಳು. ಮಾಮೂಲಿನಂತೆ ಜರ್ಮನ್‌ನಲ್ಲಿ "ಹೇಗಿದೀಯ?" ಅಂದ್ಳು. ಭಾಷೆ ಕ್ಲಾಸಿನಲ್ಲಿ ಮೊದಲ ವಾರ ಕಲಿಸಿದ ಒಂದು ವಾಕ್ಯ ಇತ್ತು. ಅದುವರೆಗೂ ಬಳಸಿರ್ಲಿಲ್ಲ. "ಮಿಯರ್ ಗೇಟ್ಸ್ ನಿಶ್ಟ್ ಗೂಟ್." ನಾನು ಚೆನ್ನಾಗಿಲ್ಲ. ಕನ್ನಡದಲ್ಲಿ ನಂಗೆ ಆ ವಾಕ್ಯ ಹೇಳೋಕೆ ಆಗ್ತಿರ್ಲಿಲ್ಲ. ಜರ್ಮನ್‌ನಲ್ಲಿ ಅದು ಪಾಠದ ಒಂದು ಸಾಲು, ಅದಕ್ಕೇ ಬಾಯಿಂದ ಬಂತು ಅನ್ಸುತ್ತೆ.

ಅವಳು ತಬ್ಬಿಕೊಳ್ಳಲಿಲ್ಲ, ಅಯ್ಯೋ ಪಾಪ ಅನ್ನಲಿಲ್ಲ. ಸ್ಟವ್ ಆಫ್ ಮಾಡಿ ಕೂತ್ಕೊಂಡ್ಳು. ಕೇಳಿದ್ದು ಇಷ್ಟು: "ನಿಂಗೀಗ ಏನು ಬೇಕು? ಮಾತಾಡಬೇಕಾ, ಹೊರಗೆ ನಡೆದಾಡಿ ಬರೋಣ್ವಾ, ಇಲ್ಲ ಸುಮ್ನೆ ಜೊತೇಲಿ ಕೂರ್ಲಾ?" ನಂಗೆ ಹಂಗೆ ಯಾರೂ ಕೇಳಿರ್ಲಿಲ್ಲ. ಮಾತಾಡಬೇಕು ಅಂದೆ. ಒಂದೂವರೆ ಗಂಟೆ ಮಾತಾಡಿದೆ, ಮುರುಕು ಇಂಗ್ಲಿಷು, ಮುರುಕು ಜರ್ಮನ್, ಮಧ್ಯೆ ಕನ್ನಡ.

ಕೊನೆಗೆ ಆ ಚೀಟಿ ವಿಷಯಾನೂ ಬಂತು. ಅವಳಿಗೆ ನೆನಪೇ ಇರ್ಲಿಲ್ಲ! ನೆನಪಾದ ಮೇಲೆ ಅಂದ್ಳು: "ನಂಗೆ ಬಾಣಲೆ ಬೇಕಿತ್ತು. ಅದಕ್ಕೇ ಬರೆದೆ." ನಾನು "ಅಷ್ಟೇನಾ?" ಅಂದೆ. "ಇನ್ನೇನು?" ಅಂದ್ಳು. ಒಂದೂವರೆ ತಿಂಗಳು ನಾನು ಬ್ರೆಡ್ ತಿಂದದ್ದು ಒಂದು ಬಾಣಲೆಗೆ. ಆಮೇಲೆ ಅವಳು ಕೇಳಿದ ಮಾತು ಇನ್ನೂ ನೆನಪಿದೆ: "ನೀನು ಯಾವಾಗ್ಲೂ ರೂಮಲ್ಲೇ ಇರ್ತಿದ್ದೆ. ಒಬ್ಬಳೇ ಇರೋದು ನಿಂಗಿಷ್ಟ ಅಂದ್ಕೊಂಡೆ. ತೊಂದರೆ ಕೊಡಬಾರದು ಅಂತ ಕೇಳ್ಲಿಲ್ಲ. ತಪ್ಪಾಯ್ತಾ?"

ಎಲ್ಲಾನೂ ಇಂಥ ಅಪಾರ್ಥ ಅಂತ ನಾನು ಹೇಳಲ್ಲ. ಒಂದ್ಸಲ ಬಸ್ಸಲ್ಲಿ ಒಬ್ಬ ಮನುಷ್ಯ ನನ್ನ ಬಣ್ಣ ನೋಡಿ ಅಂದ ಮಾತು ಅಪಾರ್ಥ ಅಲ್ಲ, ಅವಮಾನಾನೇ. ಅಂಥದ್ದೂ ಇರುತ್ತೆ. ಆದ್ರೆ ಎರಡರ ವ್ಯತ್ಯಾಸ ಗೊತ್ತಾಗ್ಬೇಕಾದ್ರೆ ಬಾಯಿ ಬಿಟ್ಟು ಕೇಳ್ಬೇಕು. ರೂಮಲ್ಲಿ ಕೂತು ಚೀಟಿ ಓದ್ತಾ ಇದ್ರೆ ಎರಡೂ ಒಂದೇ ಥರ ಕಾಣುತ್ತೆ.

ಮಾರನೇ ದಿನ ಅವಳೇ ಲ್ಯಾಪ್‌ಟಾಪ್ ತೆಗೆದು ತೋರಿಸಿದ್ಳು. ಹಾಸ್ಟೆಲ್, ಕ್ಯಾಂಟೀನ್ ನಡೆಸೋ ಸ್ಟೂಡೆಂಟ್ ಸೇವಾ ಸಂಸ್ಥೆಯಲ್ಲೇ ಮಾನಸಿಕ ಸಲಹೆ ಕೊಡೋ ವಿಭಾಗ ಇತ್ತು. ಇಬ್ಬರೂ ಕೂತು ಇಮೇಲ್ ಬರೆದ್ವಿ. ಜನವರಿಯಲ್ಲಿ ಮೂರು ಸಲ ಹೋದೆ. ಅಲ್ಲಿ ಕೊಟ್ಟ ಮೊದಲ ಸಲಹೆ ತುಂಬಾ ಸಾದಾ: ಮಧ್ಯಾಹ್ನ ಬೆಳಕಿರುವಾಗ ಎಷ್ಟೇ ಚಳಿ ಇದ್ರೂ ಅರ್ಧ ಗಂಟೆ ಹೊರಗೆ ನಡೀಬೇಕು, ದಿನಕ್ಕೆ ಒಂದು ಊಟ ಬೇರೆಯವರ ಜೊತೆ ಮಾಡ್ಬೇಕು. ಎರಡನೇದು ನಂಗೆ ಔಷಧಿ ಥರ ಕೆಲಸ ಮಾಡ್ತು.

ಅಮ್ಮಂಗೂ ಹೇಳಿದೆ. ಕ್ಯಾಮೆರಾ ಆನ್ ಮಾಡಿ ಹೇಳಿದೆ. ಅಮ್ಮ ಅಳ್ತಾರೆ ಅಂದ್ಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೆ ಗೊತ್ತಾಗಿತ್ತು" ಅಂದ್ರು. "ಮೊದ್ಲೆಲ್ಲ ಅಡುಗೆಮನೇಲಿ ಫೋನ್ ಇಟ್ಕಂಡು ಮಾತಾಡ್ತಿದ್ದೆ. ಹಿಂದೆ ಯಾರೋ ಒಬ್ಬರು ಓಡಾಡ್ತಿದ್ರು. ಆಮೇಲೆ ಬರೀ ಗೋಡೆ. ಆಮೇಲೆ ಗೋಡೇನೂ ಇಲ್ಲ."

"ಮತ್ತೆ ಯಾಕಮ್ಮ ಕೇಳ್ಲಿಲ್ಲ?"

"ಕೇಳಿದ್ರೆ ವಾಪಸ್ ಬಂದ್ಬಿಡ್ತೀನಿ ಅಂತಿದ್ದೆ. ಬಾ ಅಂತ ನಾನೂ ಅಂದ್ಬಿಡ್ತಿದ್ದೆ. ಅದ್ಕೇ ಕೇಳ್ಲಿಲ್ಲ. ಬಳೆ ಹೋದ್ರೆ ಹೋಗ್ಲಿ, ನೀನು ಉಣ್ಣು."

ನಾನು ಅಷ್ಟು ದಿನ ಅಂದ್ಕೊಂಡಿದ್ದು ಅಲ್ಲಿನವರು ಮಾತ್ರ ಕೇಳಲ್ಲ ಅಂತ. ದಾವಣಗೆರೆಯಲ್ಲೂ ಕೇಳದೆ ಇರೋಕೆ ಒಂದು ಕಾರಣ ಇತ್ತು.

ಲೆಕ್ಕ

ಮುಂದಿನದ್ದು ಬೇಗ ಹೇಳ್ತೀನಿ. ತಪ್ಪಿಸಿದ ಕ್ಲಾಸ್‌ಗಳ ಬೆಲೆ ಕಟ್ಟಿದೆ. ಒಂದು ಪೇಪರ್ ಬಿಟ್ಟೆ, ಬೆಂಗಳೂರಿಗೆ ಬಂದು ಅದನ್ನ ಮತ್ತೆ ಬರೆದೆ. ಉಳಿದದ್ದರಲ್ಲಿ ಪಾಸು. ಒಂದರಲ್ಲಿ 2.3 ಬಂದಿತ್ತು. ಅಲ್ಲಿ 1.0 ಅಂದ್ರೆ ಅತಿ ಒಳ್ಳೇದು, 4.0 ಅಂದ್ರೆ ಜಸ್ಟ್ ಪಾಸು. ಅಪ್ಪಾಜಿಗೆ ಅದನ್ನ ಹೇಳೋಕೆ ಮರೆತಿದ್ದೆ. ಮಾರ್ಕ್ಸ್ ಕಾರ್ಡ್ ನೋಡಿ ಮೆತ್ತಗೆ ಕೇಳಿದ್ರು, "ಹತ್ತಕ್ಕೆ ಎರಡು ಬಂದೈತಾ ಮಗಳೇ? ಇರ್ಲಿ ಬಿಡು." ಬಳೆಗಳನ್ನ ಬಿಡಿಸಿದ್ದು ನಾನು ಕೆಲಸಕ್ಕೆ ಸೇರಿ ಒಂದು ವರ್ಷ ಆದ್ಮೇಲೆ.

ಬರೋ ಹಿಂದಿನ ರಾತ್ರಿ ಅಡುಗೆಮನೇಲಿ ನಾನು ಚಿತ್ರಾನ್ನ ಮಾಡಿದೆ. ಪಕ್ಕದ ರೂಮಿನವಳು ತಟ್ಟೆ ಖಾಲಿ ಮಾಡಿದ್ಳು. "ಇನ್ನೂ ಬೇಕಾ?" ಅಂದೆ. "ಬೇಡ" ಅಂದ್ಳು. ನಾನು ಬಡಿಸೇ ಬಿಟ್ಟೆ. ಅವಳು ತಟ್ಟೆ ನೋಡಿದ್ಳು, ನನ್ನ ನೋಡಿದ್ಳು, "ಆದ್ರೆ ನಾನು ಬೇಡ ಅಂದೆ" ಅಂದ್ಳು. ಅಂದು ಪೂರ್ತಿ ತಿಂದ್ಳು.

ಸರಿ, ಹೋಗೋ ಪ್ಲಾನ್ ಇರೋರಿಗೆ ನಾಲ್ಕು ಮಾತು. ಒಂದು, ಅಲ್ಲಿ ಓದೋ ಯಾವ ಪೇಪರ್‌ಗೆ ಇಲ್ಲಿ ಯಾವ ಪೇಪರ್ ಸಮ ಅಂತ ಹೊರಡೋ ಮೊದ್ಲೇ ಬರಹದಲ್ಲಿ ತಗೊಳ್ಳಿ. ಎರಡು, ಪರೀಕ್ಷೆಗೆ ಬೇರೆ ನೋಂದಣಿ ಇದೆಯಾ, ಕೊನೇ ದಿನಾಂಕ ಯಾವತ್ತು ಅಂತ ಮೊದಲ ವಾರವೇ ಕೇಳಿ, ನೆನಪಿಸೋಕೆ ಯಾರೂ ಬರಲ್ಲ. ಮೂರು, ಅಡುಗೆಮನೇಲಿ ಊಟ ಮಾಡಿ, ರೂಮಲ್ಲಿ ಬೇಡ. ನಾಲ್ಕು, "ಇನ್ನೂ ಬೇಕಾ" ಅಂದ್ರೆ, ಬೇಕಿದ್ರೆ ಮೊದಲ ಸಲಾನೇ "ಬೇಕು" ಅನ್ನಿ.

ಹೊರದೇಶಕ್ಕೆ ಹೋಗದೆ ಇರೋರಿಗೂ ಒಂದು ಮಾತು. ಪಿಜಿಯಲ್ಲಿ, ಹಾಸ್ಟೆಲಲ್ಲಿ, ಹೊಸ ಊರಿನ ಕೆಲಸದಲ್ಲಿ ಕೂತು "ಆರಾಮಿದೀನಿ" ಅಂತಿರೋರು ನಿಮ್ಮಲ್ಲೂ ಇರ್ತೀರ. ಯಾರಿಗೆ ಹೇಳ್ಬೇಕು ಗೊತ್ತಾಗ್ದೆ ಇದ್ರೆ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಉಚಿತ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಇವತ್ತಿಗೆ ಇಷ್ಟು. ನಿಮ್ಮ "ಆರಾಮಿದೀನಿ" ಕಥೆ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ, ಹೆಸರು ಹೇಳದಿದ್ರೂ ಪರವಾಗಿಲ್ಲ. ಮುಂದಿನ ವಾರ ಸಿಗೋಣ. ಊಟ ಆತಾ? ಆಗಿಲ್ಲ ಅಂದ್ರೆ ಆಗಿಲ್ಲ ಅನ್ನಿ.